ಕಿವಿಯೊಳಗಿನ ಶಂಖ

ಮೂರು ವರ್ಷಗಳ ಹಿಂದೆ ಬಬಲೇಶ್ವರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಜಯಪುರದ ನಮ್ಮ ಮನೆಗೆ ಬಂದಿದ್ದ. ಈಗ ಅವನೂ ಅಜ್ಜನಾಗಿದ್ದಾನೆ. ಕೈಯಲ್ಲಿ ಒಂದು ದೊಡ್ಡ ಲಕೋಟೆ ಇತ್ತು. ಅವನ ಮಗಳ ಕೂಸಿಗೆ ಆಗ ಎರಡು ವರ್ಷ ತುಂಬಿರಲಿಲ್ಲ. ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಲಕೋಟೆಯಲ್ಲಿದ್ದ ಸ್ಕ್ಯಾನಿನ ವರದಿಯನ್ನು ಓದಿ ಅರ್ಥ ಹೇಳಬೇಕೆಂಬುದು ಅವನ ಬೇಡಿಕೆ. ಕೂಸಿನ ಎರಡೂ ಒಳಗಿವಿಗಳ ರಚನೆಯಲ್ಲಿ ಹುಟ್ಟುದೋಷವಿದೆ, ಅದು ‘ಇನ್‌ಕಂಪ್ಲೀಟ್ ಪಾರ್ಟಿಷನ್’ ಎಂಬುದರ ಒಂದನೆಯ ಬಗೆ, ಶ್ರವಣನರ ಇದೆಯಾದರೂ ತೆಳುವಾಗಿದೆ ಎಂದು ಅದರಲ್ಲಿ ಬರೆದಿತ್ತು. ಪದಗಳನ್ನು ಕನ್ನಡಕ್ಕೆ ತಂದು ಹೇಳಿದೆ. ಅವನು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅದೆಲ್ಲಾ ಇರಲಿ ಸರ್. ಆಪರೇಶನ್ ಮಾಡಿಸಿದ್ರ ಕೂಸು ಮಾತಾಡತೈತೇನ್ರಿ? ಅದೊಂದು ಹೇಳ್ರಿ ಸಾಕು” ಎಂದ.

ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಇತಿಹಾಸ ಕಲಿಸಿದವನೇ ಹೊರತು ವೈದ್ಯನಲ್ಲ. ಒಂದು ಸಂಗತಿಯನ್ನು ಅರಿಯಬೇಕಾದರೆ ಅದು ನಡೆದು ಬಂದ ದಾರಿಯನ್ನು ಹಿಡಿದು ಹೋಗುವುದೊಂದೇ ನನಗೆ ಗೊತ್ತಿರುವ ವಿದ್ಯೆ. ಹಾಗೆ ಓದುತ್ತ, ಬಲ್ಲವರನ್ನು ಕೇಳುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥ ಲಕೋಟೆ ನಿಮ್ಮಲ್ಲಿ ಯಾರ ಮನೆಗೆ ಎಂದು ಬಂದೀತೋ ಹೇಳಲಾಗದು.

ನಿಮ್ಮಲ್ಲಿ ಬಹುಮಂದಿಯನ್ನು ನಾನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೇನೆ. 1656ರ ಸುಮಾರಿಗೆ ಕಟ್ಟಿ ಮುಗಿದ ಆ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಮೇಲಿನ ಪಡಸಾಲೆಯಲ್ಲಿ ಒಬ್ಬರು ಗೋಡೆಯ ಕಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಅದು ಕೇಳಿಸುತ್ತಿತ್ತು. ನೀವು ಒಬ್ಬರ ಹೆಸರನ್ನೊಬ್ಬರು ಕೂಗಿ ಮಾರ್ದನಿ ಎಣಿಸುತ್ತಿದ್ದುದು ನನಗೆ ನೆನಪಿದೆ. ಅದು ಮಂತ್ರವಲ್ಲ, ಗೋಡೆಯ ಬಾಗಿನ ಗುಣ ಎಂದು ಆಗ ಹೇಳುತ್ತಿದ್ದೆ. ಕಟ್ಟಡದ ಆಕಾರವೇ ದನಿಯ ಹಾದಿಯನ್ನು ನಿರ್ಧರಿಸುತ್ತದೆ ಎಂಬ ಆ ಮಾತು ಕಿವಿಗೂ ಸಲ್ಲುತ್ತದೆ ಎಂಬುದು ಮಾತ್ರ ಆಗ ನನಗೆ ತಿಳಿದಿರಲಿಲ್ಲ.

ನಮ್ಮ ಒಳಗಿವಿಯಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಒಂದು ಶಂಖವಿದೆ. ಅದನ್ನು ಕಾಕ್ಲಿಯಾ ಎನ್ನುತ್ತಾರೆ. ಅದು ಎರಡೂವರೆ ಸುತ್ತು ಸುತ್ತಿಕೊಂಡಿರುತ್ತದೆ. ಬಿಚ್ಚಿ ಉದ್ದಮಾಡಿದರೆ ಸುಮಾರು 35 ಮಿಲಿಮೀಟರು. ನಡುವೆ ಒಂದು ಮೂಳೆಯ ಕಂಬ, ಸುತ್ತುಗಳ ನಡುವೆ ತೆಳುಗೋಡೆಗಳು, ಒಳಗೆ ನೀರಿನಂಥ ದ್ರವ, ಅದರಲ್ಲಿ ಸಾಲಾಗಿ ನಿಂತ ಸೂಕ್ಷ್ಮ ರೋಮಕೋಶಗಳು. ಎತ್ತರದ ಸ್ವರಗಳನ್ನು ಶಂಖದ ಬುಡ ಹಿಡಿಯುತ್ತದೆ, ತಗ್ಗಿನ ಸ್ವರಗಳನ್ನು ತುದಿ ಹಿಡಿಯುತ್ತದೆ. ಹಾರ್ಮೋನಿಯಮ್ಮಿನ ಮನೆಗಳಂತೆ ಒಂದೊಂದು ಸ್ವರಕ್ಕೆ ಒಂದೊಂದು ಜಾಗ. ರೋಮಕೋಶಗಳು ಹುಟ್ಟಿಸಿದ ಸಂದೇಶವನ್ನು ಮೂವತ್ತು ಸಾವಿರದಷ್ಟು ಎಳೆಗಳುಳ್ಳ ಶ್ರವಣನರ ಮಿದುಳಿಗೆ ಒಯ್ಯುತ್ತದೆ. ಆ ಎಳೆಗಳ ಮೂಲವಿರುವುದು ನಡುಗಂಬದಲ್ಲಿ.

ಬಬಲೇಶ್ವರದ ಕೂಸಿನ ವರದಿಯಲ್ಲಿದ್ದ ‘ಅಪೂರ್ಣ ವಿಭಜನೆ, ಒಂದನೆಯ ಬಗೆ’ ಎಂದರೆ ಶಂಖದ ಹೊರಗೋಡೆ ಎದ್ದಿದೆ, ಆದರೆ ನಡುಗಂಬವೂ ಒಳಗೋಡೆಗಳೂ ಬೆಳೆದಿಲ್ಲ ಎಂದರ್ಥ. ಒಳಗೆಲ್ಲ ಬಯಲು, ಗೋಳಗುಮ್ಮಟದ ಹಾಗೆ. ಕಂಬವಿಲ್ಲದ ಆ ಬಯಲು ಗುಮ್ಮಟಕ್ಕೆ ಕೀರ್ತಿ ತಂದಿತು. ಕಿವಿಗೆ ಮಾತ್ರ ಅದು ಕೊರತೆ, ಏಕೆಂದರೆ ಸ್ವರಗಳನ್ನು ಬೇರೆಬೇರೆಯಾಗಿ ಇರಿಸಿಕೊಳ್ಳುವ ಮನೆಗಳೇ ಅಲ್ಲಿಲ್ಲ.

ಇಂಥ ಮಕ್ಕಳು ಹಿಂದೆಯೂ ಹುಟ್ಟುತ್ತಿದ್ದರು. ಊರಲ್ಲಿ ಅವರನ್ನು ಕೆಪ್ಪ, ಕೆಪ್ಪಿ, ಮೂಗ ಎಂದು ಕರೆಯುತ್ತಿದ್ದರು. ಇಟ್ಟ ಹೆಸರು ಶಾಲೆಯ ದಾಖಲೆಯಲ್ಲಿಯೂ ಸೇರುತ್ತಿರಲಿಲ್ಲ, ಏಕೆಂದರೆ ಶಾಲೆಗೇ ಅವರು ಬರುತ್ತಿರಲಿಲ್ಲ. ಹಳೆಯ ಧರ್ಮಶಾಸ್ತ್ರದ ಕಟ್ಟಿನಲ್ಲಿ ಹುಟ್ಟುಕಿವುಡನಿಗೆ ತಂದೆಯ ಆಸ್ತಿಯಲ್ಲಿ ಪಾಲಿರಲಿಲ್ಲ, ಅನ್ನಬಟ್ಟೆಯ ಹಕ್ಕು ಮಾತ್ರವಿತ್ತು. 1928ರ ಒಂದು ಕಾಯಿದೆ ಬಂದ ಮೇಲೆಯೇ ಹಿಂದೂ ಕುಟುಂಬಗಳಲ್ಲಿ ಆ ತಡೆ ಬಿದ್ದುಹೋಯಿತು. ಕಿವಿ ಕೇಳದಿರುವುದು ಹೊಲದ ಹಕ್ಕನ್ನೂ ಕಳೆಯುತ್ತಿದ್ದ ಕಾಲ ಅಷ್ಟೇನೂ ದೂರದ್ದಲ್ಲ.

ಶಿಕ್ಷಣದ ಬೆಳಕು ಮೊದಲು ಬಂದದ್ದು ದೊಡ್ಡ ಪಟ್ಟಣಗಳಿಗೆ. ಮುಂಬಯಿಯಲ್ಲಿ 1885ರ ಹೊತ್ತಿಗೆ ಕಿವುಡ ಮಕ್ಕಳ ಶಾಲೆ ಆರಂಭವಾಯಿತು, ಕಲ್ಕತ್ತೆಯಲ್ಲಿ 1893ರಲ್ಲಿ. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಕುರುಡ ಮಕ್ಕಳಿಗಾಗಿ ಶಾಲೆ ತೆರೆದರು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ತಿಕೋಟಾದ ಒಕ್ಕಲಿಗನೊಬ್ಬನಿಗೆ ಮುಂಬಯಿಯೂ ಮೈಸೂರೂ ಸಮಾನ ದೂರದ ಪರದೇಶಗಳೇ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿದ ಮೇಲೆ ಶ್ರವಣಪರೀಕ್ಷೆಯನ್ನೂ ಮಾತಿನ ತರಬೇತಿಯನ್ನೂ ಶಾಸ್ತ್ರವಾಗಿ ಕಲಿತವರು ಕರ್ನಾಟಕದಲ್ಲಿ ತಯಾರಾಗತೊಡಗಿದರು. ಆದರೂ ನಾನು ಪಾಠ ಹೇಳಲು ಸೇರಿದ ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ತಲುಪಿದ್ದು ಎದೆಯ ಮೇಲೆ ತೂಗುಹಾಕಿಕೊಳ್ಳುವ ಪೆಟ್ಟಿಗೆಯಂಥ ಶ್ರವಣಯಂತ್ರ ಮಾತ್ರ, ಅದೂ ಅಪರೂಪಕ್ಕೆ. ಆ ಯಂತ್ರ ಸದ್ದನ್ನು ದೊಡ್ಡದು ಮಾಡುತ್ತಿತ್ತು. ರೋಮಕೋಶಗಳೇ ಇಲ್ಲದ ಕಿವಿಗೆ ಎಷ್ಟು ದೊಡ್ಡ ಸದ್ದಾದರೂ ಪ್ರಯೋಜನವಿಲ್ಲ.

ಒಳಗಿವಿಯ ಆಕಾರದೋಷವನ್ನು ಜಗತ್ತು ಮೊದಲು ಕಂಡದ್ದು ಒಂದು ಮಗುವಿನ ಸಾವಿನಿಂದ. 1791ರಲ್ಲಿ ಇಟಲಿಯ ಬೊಲೊನ್ಯಾದ ಅಂಗರಚನಾ ಪಂಡಿತ ಕಾರ್ಲೊ ಮೊಂಡೀನಿ ಎಂಬವರು ಎಂಟು ವರ್ಷದ ಹುಡುಗನೊಬ್ಬನ ವಿಷಯವನ್ನು ವಿದ್ವಾಂಸರ ಮುಂದೆ ಇಟ್ಟರು. ಆ ಹುಡುಗ ಹುಟ್ಟುಕಿವುಡ. ಬಂಡಿಯ ಗಾಲಿ ಕಾಲಿನ ಮೇಲೆ ಹಾಯ್ದು, ಗಾಯ ಕೊಳೆತು, ಸತ್ತುಹೋದ. ಬಂಡಿ ಬರುವ ಸದ್ದು ಅವನಿಗೆ ಕೇಳಿರಲಿಕ್ಕಿಲ್ಲ ಎಂದು ಓದುವಾಗ ನನಗೆ ಅನ್ನಿಸಿತು. ಮೊಂಡೀನಿ ಅವನ ಕಿವಿಯೆಲುಬನ್ನು ಬಿಡಿಸಿ ನೋಡಿದಾಗ ಶಂಖಕ್ಕೆ ಎರಡೂವರೆ ಸುತ್ತಿನ ಬದಲು ಒಂದೂವರೆ ಸುತ್ತು ಮಾತ್ರವಿತ್ತು. ಒಳಗಿವಿಯಿಂದ ಹೊರಡುವ ಒಂದು ಸಣ್ಣ ಕಾಲುವೆ ಅಗಲವಾಗಿತ್ತು. 1863ರಲ್ಲಿ ಮಿಷೆಲ್ ಎಂಬವರು ಒಳಗಿವಿಯೇ ಸಂಪೂರ್ಣವಾಗಿ ಇಲ್ಲದ ಒಂದು ಉದಾಹರಣೆಯನ್ನು ವರ್ಣಿಸಿದರು. ಇಂದಿಗೂ ಆ ದೋಷಗಳಿಗೆ ಅವರಿಬ್ಬರ ಹೆಸರುಗಳಿವೆ. ಸತ್ತ ಮೇಲಲ್ಲದೆ ಅವನ್ನು ಕಾಣುವ ಉಪಾಯ ಮಾತ್ರ ಮುಂದೆ ಒಂದು ಶತಮಾನ ಕಳೆದರೂ ಸಿಕ್ಕಲಿಲ್ಲ. 1970ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್, ಆಮೇಲೆ ಎಂ.ಆರ್.ಐ. ಬಂದಾಗಲೇ ಬದುಕಿರುವ ಮಗುವಿನ ಕಿವಿಯೊಳಗಿನ ಶಂಖವನ್ನೂ ನರವನ್ನೂ ನೋಡಲು ಸಾಧ್ಯವಾಯಿತು. ಹುಟ್ಟುಕಿವುಡರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಇಂಥ ಆಕಾರದೋಷ ಸ್ಕ್ಯಾನಿನಲ್ಲಿ ಕಾಣಿಸುತ್ತದೆ. ಉಳಿದವರಲ್ಲಿ ಮೂಳೆಯ ಶಂಖ ಸರಿಯಿದ್ದು ಕೊರತೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿರುತ್ತದೆ.

1987ರಲ್ಲಿ ಅಮೆರಿಕದ ಜಾಕ್ಲರ್ ಮತ್ತು ಸಂಗಡಿಗರು ಈ ದೋಷಗಳನ್ನು ಗರ್ಭದ ವಾರಗಳೊಡನೆ ಹೊಂದಿಸಿ ವರ್ಗೀಕರಿಸಿದರು. ಬೆಳವಣಿಗೆ ಮೂರನೆಯ ವಾರದಲ್ಲಿಯೇ ನಿಂತರೆ ಒಳಗಿವಿಯೇ ಇಲ್ಲ. ನಾಲ್ಕನೆಯ ವಾರದ ಹೊತ್ತಿಗೆ ನಿಂತರೆ ಶಂಖವೂ ಅದರ ನೆರೆಯ ಭಾಗವೂ ಬೇರ್ಪಡದೆ ಒಂದೇ ಗುಳಿಯಾಗಿ ಉಳಿಯುತ್ತದೆ. ಏಳನೆಯ ವಾರದಲ್ಲಿ ನಿಂತರೆ ಒಂದೂವರೆ ಸುತ್ತಿನ ಶಂಖ. ಎಲ್ಲ ಬಗೆಗಳೂ ಇಷ್ಟು ಸರಳವಾಗಿ ಈ ಲೆಕ್ಕಕ್ಕೆ ಹೊಂದವೆಂದು ಮುಂದೆ ತಿಳಿಯಿತು. ಆದರೆ ಅದರಲ್ಲಿ ನಮ್ಮ ಊರುಗಳಿಗೆ ಬೇಕಾದ ಒಂದು ಮಾತಿದೆ. ಕಿವಿಯ ಈ ಆಕಾರ ನಿರ್ಧಾರವಾಗುವುದು ಗರ್ಭದ ಮೊದಲ ಎರಡು ತಿಂಗಳಲ್ಲಿ; ಎಷ್ಟೋ ಸಲ ತಾನು ಬಸುರಿ ಎಂದು ತಾಯಿಗೆ ತಿಳಿಯುವ ಮೊದಲು. ‘ಗ್ರಹಣ ಹಿಡಿದಾಗ ಹೊರಗೆ ಬಂದಳು’, ‘ಬಸುರಿಯಿದ್ದಾಗ ಏನೋ ತಿಂದಳು’ ಎಂದು ಸೊಸೆಯ ಮೇಲೆ ಹೊರಿಸುವ ತಪ್ಪುಗಳಿಗೂ ಶಂಖದ ಸುತ್ತುಗಳಿಗೂ ಯಾವ ಸಂಬಂಧವೂ ಇಲ್ಲ. ನನ್ನ ವಿದ್ಯಾರ್ಥಿಯ ಮಗಳಿಗೂ ಇಂಥ ಮಾತುಗಳು ತಪ್ಪಿರಲಿಲ್ಲ.

ಇನ್ನು ವಿದ್ಯುತ್ತಿನಿಂದ ಕೇಳಿಸುವ ಪ್ರಯತ್ನದ ಕತೆ. ವಿದ್ಯುತ್ ಬ್ಯಾಟರಿಯನ್ನು ಕಂಡುಹಿಡಿದ ವೋಲ್ಟಾ ತನ್ನ ಎರಡೂ ಕಿವಿಗಳಲ್ಲಿ ಲೋಹದ ಕಡ್ಡಿ ಇಟ್ಟು ವಿದ್ಯುತ್ ಹಾಯಿಸಿಕೊಂಡದ್ದನ್ನು 1800ರಲ್ಲಿ ವರದಿ ಮಾಡಿದ. ತಲೆಗೆ ಹೊಡೆತ ಬಿದ್ದಂತಾಗಿ, ಮಂದವಾದ ಏನೋ ಕುದಿಯುವಂಥ ಸದ್ದು ಕೇಳಿಸಿತಂತೆ. ನಮ್ಮವರಾದರೆ ಒಲೆಯ ಮೇಲೆ ನುಚ್ಚು ಕುದಿದಂತೆ ಎನ್ನುತ್ತಿದ್ದರು. 1957ರಲ್ಲಿ ಪ್ಯಾರಿಸಿನಲ್ಲಿ ಜೂರ್ನೊ ಮತ್ತು ಐರಿಯೆಸ್ ಎಂಬವರು ಪೂರ್ತಿ ಕಿವುಡಾಗಿದ್ದ ವ್ಯಕ್ತಿಯೊಬ್ಬನ ಶ್ರವಣನರಕ್ಕೆ ತಂತಿ ಜೋಡಿಸಿದರು. ಅವನಿಗೆ ಸದ್ದುಗಳೂ ಬೆರಳೆಣಿಕೆಯ ಮಾತುಗಳೂ ಗುರುತು ಸಿಕ್ಕವು, ಆದರೆ ಯಂತ್ರ ಹೆಚ್ಚು ಕಾಲ ಬಾಳಲಿಲ್ಲ. 1961ರಲ್ಲಿ ಲಾಸ್ ಏಂಜಲೀಸಿನ ವಿಲಿಯಂ ಹೌಸ್ ಶಂಖದ ಒಳಗೇ ತಂತಿ ಇಟ್ಟರು. ಒಂದೇ ತಂತಿಯ ಆ ಸಾಧನದಿಂದ ಸದ್ದು ಬಂದದ್ದೂ ನಿಂತದ್ದೂ ತಿಳಿಯುತ್ತಿತ್ತು. ಮಾತು ಬಿಡಿಸಿ ಕೇಳುವುದು ಕಷ್ಟವಾಗಿತ್ತು.

ಮಾತು ಕೇಳಬೇಕಾದರೆ ಶಂಖದ ಬೇರೆಬೇರೆ ಜಾಗಗಳನ್ನು ಬೇರೆಬೇರೆಯಾಗಿ ಮುಟ್ಟಬೇಕು. ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಈ ಹಟ ಹಿಡಿದವರು. ಅವರ ತಂದೆ ಔಷಧಿ ಅಂಗಡಿ ನಡೆಸುತ್ತಿದ್ದರು, ಕಿವಿ ಮಂದವಾಗಿತ್ತು. ಗಿರಾಕಿಗಳೊಡನೆ ಅವರು ಪಡುವ ಪಾಡನ್ನು ನೋಡುತ್ತ ಮಗ ಬೆಳೆದರು. ತಂತಿಗಳ ಕಟ್ಟನ್ನು ಸುರುಳಿ ಶಂಖದೊಳಗೆ ಗಾಸಿಯಾಗದಂತೆ ತೂರಿಸುವುದು ಹೇಗೆ ಎಂಬುದು ಅವರನ್ನು ಕಾಡುತ್ತಿತ್ತು. 1977ರಲ್ಲಿ ಕಡಲತೀರದಲ್ಲಿ ಕುಳಿತಿದ್ದಾಗ ಒಂದು ಕಡಲಚಿಪ್ಪಿನೊಳಗೆ ಹುಲ್ಲಿನ ಎಸಳನ್ನು ತೂರಿಸಿ ನೋಡಿದರು. ತುದಿಯಲ್ಲಿ ಮೆತ್ತಗಿದ್ದು ಬುಡದಲ್ಲಿ ಗಡುಸಾಗಿರುವ ಎಸಳು ಸುತ್ತುಗಳ ಗುಂಟ ಸಲೀಸಾಗಿ ಒಳಗೆ ಹೋಯಿತು. ಅದೇ ಗುಣದ ತಂತಿಕಟ್ಟನ್ನು ತಯಾರಿಸಿ 1978ರ ಆಗಸ್ಟಿನಲ್ಲಿ ಮೆಲ್ಬರ್ನ್‌ನಲ್ಲಿ ರಾಡ್ ಸಾಂಡರ್ಸ್ ಎಂಬವರಿಗೆ ಅಳವಡಿಸಿದರು. ಅದಕ್ಕೆ ಸ್ವಲ್ಪ ಮೊದಲು, 1977ರ ಕೊನೆಯಲ್ಲಿ, ವಿಯೆನ್ನಾದಲ್ಲಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೋಕ್‌ಮೈರ್ ದಂಪತಿಗಳ ಸಾಧನವೂ ಮನುಷ್ಯನ ಕಿವಿ ಸೇರಿತ್ತು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1984ರಲ್ಲಿ ಒಂದೇ ತಂತಿಯ ಸಾಧನಕ್ಕೂ, 1985ರಲ್ಲಿ 22 ಎಲೆಕ್ಟ್ರೋಡುಗಳ ಸಾಧನಕ್ಕೂ ವಯಸ್ಕರಲ್ಲಿ ಒಪ್ಪಿಗೆ ಕೊಟ್ಟಿತು. 1990ರಲ್ಲಿ ಎರಡು ವರ್ಷ ದಾಟಿದ ಮಕ್ಕಳಲ್ಲಿಯೂ ಒಪ್ಪಿತು. 2013ರಲ್ಲಿ ಕ್ಲಾರ್ಕ್, ಇಂಗೆಬೋರ್ಗ್ ಹೋಕ್‌ಮೈರ್ ಮತ್ತು ಮಾತಿನ ಸಂಸ್ಕರಣೆಯನ್ನು ಸುಧಾರಿಸಿದ ಬ್ಲೇಕ್ ವಿಲ್ಸನ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು.

ನಮ್ಮ ದೇಶದಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಚೆನ್ನೈನ ಡಾ. ಮೋಹನ್ ಕಾಮೇಶ್ವರನ್ ಮತ್ತು ಮುಂಬಯಿಯ ಡಾ. ಮಿಲಿಂದ ಕೀರ್ತನೆ ಮುಖ್ಯರು. ಬಹುಕಾಲ ಇದು ಉಳ್ಳವರ ಚಿಕಿತ್ಸೆಯಾಗಿತ್ತು. ಕೇಂದ್ರ ಸರಕಾರ ಅಂಗವಿಕಲರಿಗೆ ಸಾಧನ ಕೊಡುವ ತನ್ನ ಅಡಿಪ್ ಯೋಜನೆಯನ್ನು 2014ರಲ್ಲಿ ಪರಿಷ್ಕರಿಸಿ, ವರ್ಷಕ್ಕೆ 500 ಮಕ್ಕಳಿಗೆ ತಲಾ ಆರು ಲಕ್ಷ ರೂಪಾಯಿಯವರೆಗಿನ ವೆಚ್ಚದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಕೊಡುವ ವ್ಯವಸ್ಥೆ ಮಾಡಿದ ಮೇಲೆ ಬಡವರ ಮನೆಗೂ ಅದರ ಹೆಸರು ಬಂತು. ಕರ್ನಾಟಕ ಸರಕಾರವೂ ಎಳೆಯ ಮಕ್ಕಳಿಗೆ ಉಚಿತವಾಗಿ ಇದನ್ನು ಮಾಡಿಸುತ್ತ ಬಂದಿದೆ. ದ್ರಾಕ್ಷಿ ಬೆಳೆ ಕೈಕೊಟ್ಟ ವರ್ಷದಲ್ಲಿಯೂ ತಿಕೋಟಾದ ರೈತ ತನ್ನ ಮಗುವಿಗೆ ಈ ಚಿಕಿತ್ಸೆಯನ್ನು ಕೇಳಬಲ್ಲನಾದದ್ದು ಸಣ್ಣ ಸಂಗತಿಯಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಈ ಸಾಧನ ಹಾಳಾದ ರೋಮಕೋಶಗಳನ್ನು ಬಿಟ್ಟು ನೇರವಾಗಿ ನರವನ್ನು ಮುಟ್ಟುತ್ತದೆ. ಆದ್ದರಿಂದ ಎರಡು ಇರಬೇಕು: ತಂತಿ ಇಡಲು ಜಾಗ, ಸಂದೇಶ ಒಯ್ಯಲು ನರ. ಶಂಖದ ಆಕಾರವೇ ಕೆಟ್ಟಿದ್ದರೆ? ಮೊದಮೊದಲು ಹೆಚ್ಚಿನ ವೈದ್ಯರು ಅಂಥ ಕಿವಿಗಳನ್ನು ಮುಟ್ಟುತ್ತಲೇ ಇರಲಿಲ್ಲ. 1983ರಲ್ಲಿ ಬ್ರೆಜಿಲ್ಲಿನ ಮಂಗಬೈರಾ-ಆಲ್ಬರ್ನಾಸ್ ಎಂಬ ವೈದ್ಯರು ಮೊಂಡೀನಿ ದೋಷದ ಕಿವಿಗೂ ಇಂಪ್ಲಾಂಟ್ ಮಾಡಿದ್ದನ್ನು ವರದಿ ಮಾಡಿದರು. ಆಮೇಲೆ ಧೈರ್ಯ ಬೆಳೆಯಿತು. 2002ರಲ್ಲಿ ಟರ್ಕಿಯ ಸೆನ್ನರೊಗ್ಲು ಮತ್ತು ಸಾಚಿ ಎಂಬವರು ಹೊಸ ವರ್ಗೀಕರಣ ಕೊಟ್ಟರು. ಅದುವರೆಗೆ ಕಂಡಕಂಡ ದೋಷಕ್ಕೆಲ್ಲ ‘ಮೊಂಡೀನಿ’ ಎಂದು ಒಂದೇ ಹೆಸರು ಹಚ್ಚುತ್ತಿದ್ದುದರಿಂದ ಯಾವ ಬಗೆಯ ಮಗುವಿಗೆ ಎಷ್ಟು ಫಲ ಎಂದು ಹೋಲಿಸುವುದೇ ಆಗುತ್ತಿರಲಿಲ್ಲ. ಹೆಸರುಗಳು ಬೇರೆಯಾದ ಮೇಲೆ ಫಲಗಳೂ ಬೇರೆಯಾಗಿ ಕಾಣತೊಡಗಿದವು.

ಫಲವನ್ನು ಅಳೆಯಲು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1990ರ ದಶಕದಲ್ಲಿ ರೂಪಿಸಿದ ಒಂದು ಏಣಿ ಇದೆ. ಮೇಷ್ಟ್ರಾದ ನನಗೆ ಅದು ಬೇಗ ಅರ್ಥವಾಯಿತು. ಸೊನ್ನೆ ಎಂದರೆ ಯಾವ ಸದ್ದಿನ ಅರಿವೂ ಇಲ್ಲ. ಒಂದು, ಸುತ್ತಲಿನ ಸದ್ದು ಆದದ್ದು ತಿಳಿಯುತ್ತದೆ. ಎರಡು, ಮಾತಿನ ದನಿಗೆ ಸ್ಪಂದಿಸುತ್ತದೆ. ಮೂರು, ಇದು ನಾಯಿ, ಇದು ಬಾಗಿಲು ಎಂದು ಸದ್ದುಗಳನ್ನು ಗುರುತಿಸುತ್ತದೆ. ನಾಲ್ಕು, ತುಟಿ ನೋಡದೆ ಮಾತಿನ ದನಿಗಳಲ್ಲಿ ಭೇದ ಅರಿಯುತ್ತದೆ. ಐದು, ತುಟಿ ನೋಡದೆ ಬಳಕೆಯ ಮಾತುಗಳು ತಿಳಿಯುತ್ತವೆ. ಆರು, ತುಟಿ ನೋಡದೆ ಸಂಭಾಷಣೆ ನಡೆಸುತ್ತದೆ. ಏಳು, ಪರಿಚಿತರೊಡನೆ ಫೋನಿನಲ್ಲಿ ಮಾತಾಡುತ್ತದೆ. ‘ಆಪರೇಶನ್ ಯಶಸ್ವಿ’ ಎಂಬ ಒಂದೇ ಮಾತಿನ ಕೆಳಗೆ ಒಂದನೆಯ ಮೆಟ್ಟಿಲಿನ ಮಗುವೂ ಇರಬಹುದು, ಏಳನೆಯ ಮೆಟ್ಟಿಲಿನ ಮಗುವೂ ಇರಬಹುದು. ತಂದೆತಾಯಿಗಳು ಕೇಳಬೇಕಾದ್ದು ಮೆಟ್ಟಿಲನ್ನು.

ಹಲವು ದೇಶಗಳ ವೈದ್ಯರ ಅನುಭವ ಒಟ್ಟಾರೆ ಹೀಗಿದೆ. ಒಂದೂವರೆ ಸುತ್ತಿನ ಶಂಖ, ಅಗಲವಾದ ಕಾಲುವೆ, ಅಂದರೆ ಮೊಂಡೀನಿ ಕಂಡಂಥ ದೋಷವಿರುವ ಮಕ್ಕಳು ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಶಂಖ ಸರಿಯಿರುವ ಮಕ್ಕಳಿಗೆ ಹೆಚ್ಚು ಕಡಿಮೆ ಸಮನಾಗಿ ಮೇಲಿನ ಮೆಟ್ಟಿಲು ಹತ್ತುತ್ತಾರೆ. ಬುಡದ ಸುತ್ತಿನಲ್ಲಿ ಕಂಬ ಸರಿಯಿರುವುದೇ ಕಾರಣ. ಶಂಖ ಸಣ್ಣದಾಗಿರುವವರಲ್ಲಿ ಫಲ ಒಬ್ಬೊಬ್ಬರಿಗೆ ಒಂದೊಂದು ರೀತಿ. ಒಳಗೋಡೆಗಳಿಲ್ಲದ ಒಂದನೆಯ ಬಗೆಯಲ್ಲಿಯೂ ಎಲ್ಲ ಒಂದೇ ಗುಳಿಯಾಗಿರುವ ಬಗೆಯಲ್ಲಿಯೂ ಹೆಚ್ಚಿನ ಮಕ್ಕಳಿಗೆ ಸದ್ದಿನ ಅರಿವು ಬರುತ್ತದೆ. ಮಾತಿನ ತಿಳಿವು ನಿಧಾನವಾಗಿ, ಕಡಿಮೆಯಾಗಿ ಬರುತ್ತದೆ. ಕೆಲವರು ನಿರೀಕ್ಷೆ ಮೀರಿ ಮೇಲೇರುತ್ತಾರೆ. ನರ ತೆಳುವಾಗಿದ್ದರೆ ಫಲ ಇನ್ನೂ ಇಳಿಯುತ್ತದೆ; ಇಲ್ಲವೇ ಇಲ್ಲವಾದರೆ ಶಂಖ ಎಷ್ಟು ಚೆನ್ನಾಗಿದ್ದೂ ಫಲವಿಲ್ಲ. ಮಿಷೆಲ್ ವರ್ಣಿಸಿದ ದೋಷದಲ್ಲಿ ತಂತಿ ಇಡಲು ಜಾಗವೇ ಇಲ್ಲ. ಅಂಥವರಿಗೆ ಮಿದುಳುಕಾಂಡದ ಮೇಲೆಯೇ ಎಲೆಕ್ಟ್ರೋಡು ಇಡುವ ಚಿಕಿತ್ಸೆಯೊಂದಿದೆ. 1979ರಲ್ಲಿ ಲಾಸ್ ಏಂಜಲೀಸಿನಲ್ಲಿ ನರದ ಗಡ್ಡೆಯ ರೋಗಿಗಾಗಿ ಹುಟ್ಟಿದ ಅದನ್ನು ಈ ಶತಮಾನದ ಆರಂಭದಲ್ಲಿ ಇಟಲಿಯ ಕೊಲೆಟ್ಟಿ ಮಕ್ಕಳಿಗೆ ಅನ್ವಯಿಸಿದರು, ಚೆನ್ನೈನಲ್ಲಿಯೂ ಮಾಡಿದ್ದಾರೆ. ಅದು ದೊಡ್ಡ ಶಸ್ತ್ರಚಿಕಿತ್ಸೆ, ಫಲ ಸಾಮಾನ್ಯವಾಗಿ ಇಂಪ್ಲಾಂಟಿಗಿಂತ ಕಡಿಮೆ.

ಅಪಾಯಗಳನ್ನೂ ಮುಚ್ಚಿಡಬಾರದು. ಇಂಥ ಕಿವಿಯಲ್ಲಿ ಮಿದುಳಿನ ಸುತ್ತಲಿನ ದ್ರವಕ್ಕೂ ಒಳಗಿವಿಗೂ ನಡುವಿನ ತಡೆ ಪೂರ್ತಿಯಾಗಿರುವುದಿಲ್ಲವಾದ್ದರಿಂದ ಶಂಖ ತೆರೆದಾಗ ದ್ರವ ಒರತೆಯಂತೆ ಉಕ್ಕಬಹುದು. ಅದನ್ನು ಭದ್ರವಾಗಿ ಮುಚ್ಚದಿದ್ದರೆ ಮಿದುಳು ಪೊರೆಯ ಉರಿಯೂತಕ್ಕೆ ದಾರಿಯಾಗುತ್ತದೆ. ಅದಕ್ಕಾಗಿ ಮೊದಲೇ ಲಸಿಕೆ ಹಾಕಿಸಬೇಕು. ಮುಖದ ನರದ ಹಾದಿ ಬದಲಾಗಿರುವ ಸಂಭವವೂ ಉಂಟು. ಅನುಭವಿ ಕೈಗಳೇ ಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಅಗಲವಾದ ಕಾಲುವೆಯ ದೋಷವಿರುವ ಮಕ್ಕಳಲ್ಲಿ ಎಷ್ಟೋ ಮಂದಿ ಹುಟ್ಟುವಾಗ ಪೂರ್ತಿ ಕಿವುಡರಾಗಿರುವುದಿಲ್ಲ. ಕೆಲವು ದಿನ ಕೇಳಿಸುತ್ತದೆ, ಕೆಲವು ದಿನ ಕೇಳಿಸುವುದಿಲ್ಲ. ತಲೆಗೆ ಸಣ್ಣ ಪೆಟ್ಟು ಬಿದ್ದರೂ ಶ್ರವಣ ಒಂದೊಂದೇ ಮೆಟ್ಟಿಲು ಕುಸಿಯಬಹುದು. ಈ ದೋಷವನ್ನು ಎಕ್ಸ್-ರೇ ಚಿತ್ರಗಳಿಂದ ಗುರುತಿಸಿ ಹೆಸರಿಟ್ಟದ್ದು 1978ರಲ್ಲಿ, ವಾಲ್ವಸ್ಸೋರಿ ಮತ್ತು ಕ್ಲೆಮಿಸ್ ಎಂಬವರು. ಅದಾದ ಕೆಲವು ವರ್ಷಗಳ ಮೇಲೆ, ಹೆಸರು ಬೇಡವಾದ ಒಂದು ಹಳ್ಳಿಯ ಶಾಲೆಯಲ್ಲಿ ನನ್ನ ತರಗತಿಗೆ ಒಬ್ಬ ಹುಡುಗ ಬರುತ್ತಿದ್ದ. ಸೋಮವಾರ ಕೇಳಿದ್ದಕ್ಕೆ ಉತ್ತರ ಕೊಡುವನು, ಗುರುವಾರ ಕೂಗಿದರೂ ತಿರುಗಿ ನೋಡನು. ಬೇಕೆಂದೇ ಹೀಗೆ ಮಾಡುತ್ತಾನೆಂದು ನಾನು ತಿಳಿದೆ. ಒಂದು ದಿನ ಕೆನ್ನೆಗೆ ಹೊಡೆದೆ, ಕಿವಿಯೂ ಸೇರುವಂತೆ. ಅದೊಂದೇ ಸಲವೂ ಅಲ್ಲ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಕುರಿ ಕಾಯಲು ಹಚ್ಚಿದರೆಂದು ಕೇಳಿದೆ. ಅವನಿಗಿದ್ದುದು ಈ ದೋಷವೇ ಎಂದು ಇಂದು ಯಾರೂ ಹೇಳಲಾರರು. ಕಿವಿ ಸೋರಿಕೆಯೂ ಇರಬಹುದಿತ್ತು. ಆದರೆ ಅವನಿಗೆ ಕೇಳಿಸದಿರಬಹುದು ಎಂಬ ಸಂಶಯ ಒಂದು ಸಲವೂ ನನಗೆ ಬರಲಿಲ್ಲ. ಈ ಬರಹಕ್ಕಾಗಿ ಓದುವಾಗ ಆ ಪುಟ ತೆರೆದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಿಮ್ಮಲ್ಲಿ ಇಂದು ಶಿಕ್ಷಕರಾಗಿರುವವರು ಬಹಳ ಮಂದಿ. ಮಗುವಿನ ತಲೆಗೆ, ಕಿವಿಗೆ ಎಂದೂ ಕೈ ಮಾಡಬೇಡಿ. ಮಾತು ಕೇಳದ ಮಗು ಕಂಡರೆ ಮೊದಲು ಕಿವಿ ಪರೀಕ್ಷೆಗೆ ಕಳಿಸಿ.

ಸೋದರಿಕೆಯ ಮದುವೆಯ ಮಾತನ್ನೂ ಬಿಡಲಾಗದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಭಾಗದಲ್ಲಿ ಹೊಲ ಒಡೆಯದಂತೆ, ಮನೆತನ ದೂರವಾಗದಂತೆ ನಡೆದು ಬಂದ ಪದ್ಧತಿ. ಇತ್ತೀಚಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಮದುವೆಗಳಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ರಕ್ತಸಂಬಂಧದೊಳಗಿನವು. ಎರಡೂ ಕಡೆಯಿಂದ ಒಂದೇ ಕುಂದಿರುವ ವಂಶವಾಹಿ ಕೂಡಿದಾಗ ಮಗು ಕಿವುಡಾಗಬಹುದು. 1997ರಲ್ಲಿ ಗುರುತಾದ ಕನೆಕ್ಸಿನ್ 26ರ ವಂಶವಾಹಿ ಅವುಗಳಲ್ಲಿ ಮುಖ್ಯವಾದದ್ದು. ಅದರಿಂದ ಕಿವುಡಾದವರಲ್ಲಿ ಸಾಮಾನ್ಯವಾಗಿ ಶಂಖದ ಆಕಾರ ಸರಿಯಿರುವುದರಿಂದ ಇಂಪ್ಲಾಂಟಿನ ಫಲ ಚೆನ್ನಾಗಿರುತ್ತದೆ. ಅಗಲವಾದ ಕಾಲುವೆಗೆ ಕಾರಣವಾಗುವ ಇನ್ನೊಂದು ವಂಶವಾಹಿಯೂ ಅದೇ ವರ್ಷ ಪತ್ತೆಯಾಯಿತು. ಎಲ್ಲ ದೋಷಗಳಿಗೂ ಸೋದರಿಕೆ ಕಾರಣವಲ್ಲ. ದೂರದ ಸಂಬಂಧದಲ್ಲಿಯೂ ಇವು ಕಾಣುತ್ತವೆ. ಆದ್ದರಿಂದ ಯಾರನ್ನೂ ದೂಷಿಸಲು ಇದನ್ನು ಹೇಳುತ್ತಿಲ್ಲ. ಮನೆಯಲ್ಲಿ ಒಂದು ಮಗು ಹೀಗಿದ್ದರೆ ಮುಂದಿನ ಸಂಬಂಧ ಬೆಳೆಸುವ ಮೊದಲು ವಂಶವಾಹಿ ಸಲಹೆ ಕೇಳುವುದು ಒಳ್ಳೆಯದು.

ಇಷ್ಟನ್ನು ತಿಳಿದುಕೊಂಡ ಮೇಲೆ ನನ್ನ ವಿದ್ಯಾರ್ಥಿಯನ್ನು ಕರೆಸಿ ಕೂಡಿಸಿಕೊಂಡೆ. “ವೈದ್ಯರು ಹೇಳಿದ್ದೇ ಕೊನೆಯ ಮಾತು. ನಾನು ಓದಿದ್ದನ್ನು ಹೇಳುತ್ತೇನೆ. ಸದ್ದು ಕೇಳುವ ಸಂಭವ ಚೆನ್ನಾಗಿದೆ. ಮಾತು ಬಂದೀತು, ಬಾರದಿರಲೂಬಹುದು. ಬಂದರೂ ಓಣಿಯ ಬೇರೆ ಮಕ್ಕಳ ಹಾಗೆ ಬರಲಿಕ್ಕಿಲ್ಲ. ಅದನ್ನು ತಿಳಿದೇ ಮಾಡಿಸಬೇಕು. ಮಾಡಿಸಿದ ಮೇಲೆ ವರ್ಷಗಟ್ಟಲೆ ತರಬೇತಿ ಬಿಡುವ ಹಾಗಿಲ್ಲ” ಎಂದೆ. ಸಾಧನ ಹಾಕಿದ ಕೆಲವು ವಾರಗಳ ಮೇಲೆ ಅದನ್ನು ಚಾಲೂ ಮಾಡುತ್ತಾರೆ. ಅಂದಿನಿಂದ ಮಗುವಿನ ಶ್ರವಣದ ವಯಸ್ಸು ಶುರು. ಮಿದುಳು ದನಿಯನ್ನು ಕಲಿಯುವ ಕಾಲ ಎಳೆಯ ವಯಸ್ಸೇ ಆದ್ದರಿಂದ ಮುಂದೂಡಿದಷ್ಟೂ ನಷ್ಟ. ಹೊರಗಿನ ಯಂತ್ರಕ್ಕೆ ಬ್ಯಾಟರಿ ಬೇಕು, ವಾಯರು ಕೆಡುತ್ತದೆ, ವಾಯಿದೆ ಮುಗಿದ ಮೇಲೆ ದುರಸ್ತಿಯ ಖರ್ಚು ಮನೆಯವರದು. ಉಚಿತ ಶಸ್ತ್ರಚಿಕಿತ್ಸೆಯ ಸಂತೋಷದಲ್ಲಿ ಇದನ್ನು ಯಾರೂ ಎಣಿಸುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಿದೆ. ಬಾಯಿಮಾತು ಬಾರದಿದ್ದರೆ ಮಗು ಭಾಷೆಯಿಲ್ಲದೆ ಉಳಿಯಬೇಕಾಗಿಲ್ಲ. ಭಾರತೀಯ ಸಂಜ್ಞೆಭಾಷೆ ವ್ಯಾಕರಣವುಳ್ಳ ಪೂರ್ಣ ಭಾಷೆ. ಅದರ ಸಂಶೋಧನೆ ಮತ್ತು ತರಬೇತಿಗಾಗಿ 2015ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅದಕ್ಕೆ ಮನ್ನಣೆ ಕೊಟ್ಟಿದೆ. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂದು ಹೆದರಿ, ಮಾತಿಗೆ ಕಾಯುತ್ತ, ಎರಡೂ ಇಲ್ಲದೆ ಐದಾರು ವರ್ಷ ಕಳೆದುಬಿಡುವುದೇ ದೊಡ್ಡ ಹಾನಿ.

ಅವನು ಎಲ್ಲ ಕೇಳಿ, “ಸುಳ್ಳು ಹೇಳಲಿಲ್ಲಲ್ರಿ ಸರ್, ಅಷ್ಟ ಸಾಕು” ಎಂದು ಎದ್ದು ಹೋದ.

ಕೂಸಿಗೆ ಆಪರೇಶನ್ ಆಗಿ ಈಗ ಎರಡೂವರೆ ವರ್ಷ. ತಾಯಿ ವಾರಕ್ಕೆರಡು ಸಲ ಬಸ್ಸಿನಲ್ಲಿ ವಿಜಯಪುರಕ್ಕೆ ತರಬೇತಿಗೆ ಕರೆತರುತ್ತಾಳೆ. ಮೊನ್ನೆ ಅವರು ನಮ್ಮ ಮನೆಗೂ ಬಂದಿದ್ದರು. ಕುಕ್ಕರ್ ಸೀಟಿ ಹೊಡೆದಾಗ ಕೂಸು ಅಡಿಗೆಮನೆಯ ಕಡೆಗೆ ಬೆರಳು ಮಾಡಿ ತೋರಿಸಿತು. ಹೆಸರು ಕರೆದರೆ ತಿರುಗುತ್ತದೆ. ‘ಅವ್ವ’, ‘ಬಾ’, ‘ನೀರು’ ಎಂಬಂಥ ಏಳೆಂಟು ಮಾತು ಆಡುತ್ತದೆ. ಮನೆಯವರಿಗಲ್ಲದೆ ಬೇರೆಯವರಿಗೆ ಅವು ತಿಳಿಯುವುದು ಕಷ್ಟ. ಉಳಿದದ್ದನ್ನು ಕೈಯಿಂದ ಹೇಳುತ್ತದೆ, ಬಹಳ ಹೇಳುತ್ತದೆ. ಅಜ್ಜನೂ ಸನ್ನೆ ಕಲಿತಿದ್ದಾನೆ. ಏಣಿಯ ಲೆಕ್ಕದಲ್ಲಿ ಮೂರನೆಯ ಮೆಟ್ಟಿಲಿನಲ್ಲಿದೆ, ನಾಲ್ಕರ ಮೇಲೆ ಒಂದು ಕಾಲಿಟ್ಟಿದೆ ಎಂದು ತರಬೇತಿಯವರು ಹೇಳಿದ್ದಾರಂತೆ. ಮುಂದಿನ ಜೂನಿಗೆ ಶಾಲೆಗೆ ಸೇರಿಸಬೇಕು. ಎಂಥ ಶಾಲೆ ಎಂಬ ಚಿ‌ಂತೆ ಈಗ ಅವರದು. ಆ ಕೆಲಸಕ್ಕೆ ನಾನೂ ಓಡಾಡುವುದೆಂದು ಗೊತ್ತುಮಾಡಿಕೊಂಡಿದ್ದೇನೆ.

ನಿಮ್ಮ ಮನೆಗಳಲ್ಲಿ ಕೂಸು ಹುಟ್ಟಿದರೆ ಒಂದು ತಿಂಗಳೊಳಗೆ ಕಿವಿಯ ತಪಾಸಣೆ ಮಾಡಿಸಿ. ಸಂಶಯವಿದ್ದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ ಮುಗಿಯಲಿ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಲಿ. ‘ನಮ್ಮ ಅಪ್ಪನೂ ತಡವಾಗಿಯೇ ಮಾತಾಡಿದ’ ಎಂದು ಕಾಯುತ್ತ ಕುಳಿತುಕೊಳ್ಳಬೇಡಿ. ವರದಿ ಬಂದರೆ ಶಂಖದ ಆಕಾರ ಹೇಗಿದೆ, ನರ ಇದೆಯೇ, ಇಂಥ ಮಕ್ಕಳು ಸಾಮಾನ್ಯವಾಗಿ ಎಷ್ಟನೆಯ ಮೆಟ್ಟಿಲು ಹತ್ತುತ್ತಾರೆ ಎಂಬ ಮೂರು ಪ್ರಶ್ನೆ ಕೇಳಿ. ಓದಲು ಯಾರೂ ಇಲ್ಲದಿದ್ದರೆ ಲಕೋಟೆ ಹಿಡಿದು ನನ್ನಲ್ಲಿಗೆ ಬನ್ನಿ.